ಏಸಿ ಕೆಟ್ಟಿಲ್ಲ, ಕೊಳೆಯಾಗಿದೆ!

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನೋದು ಹಿರಿಯರ ಮಾತು. ಚಳಿ ಹೋಗುವುದಿರಲಿ, ಅದರ ಬೆನ್ನಿಗೇ ಬಿಸಿಲು ಬಂದು ಬಾಗಿಲು ತಟ್ಟುತ್ತದೆ. ಯುಗಾದಿಯ ಬೇವು-ಬೆಲ್ಲ ಹಂಚುವ ಹೊತ್ತಿಗೆ ಮನೆಯೊಳಗೆ ಕೂರಲಾಗದಂಥ ಧಗೆ. ಕಲಬುರಗಿ, ರಾಯಚೂರು, ಬಳ್ಳಾರಿಯವರಿಗೆ ಇದೇನೂ ಹೊಸದಲ್ಲ ಬಿಡಿ. ಆದರೆ ಫ್ಯಾನ್ ಕೂಡ ಬೇಡ ಅನ್ನುತ್ತಿದ್ದ ಬೆಂಗಳೂರಿನಲ್ಲೂ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಯಿತು, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ. ಹೀಗಾಗಿ ಒಂದು ಕಾಲಕ್ಕೆ ಶ್ರೀಮಂತರ ಮನೆಯ ವಸ್ತುವಾಗಿದ್ದ ಏಸಿ ಇವತ್ತು ಕಂತಿನ ಮೇಲಾದರೂ ಸರಿ, ನಮ್ಮ ನಿಮ್ಮ ಮಲಗುವ ಕೋಣೆಯ ಗೋಡೆ ಮೇಲೂ ಬಂದು ಕೂತಿದೆ.

ಒಂದು ಪ್ರಶ್ನೆ ಕೇಳ್ತೀನಿ, ಮನಸ್ಸಲ್ಲೇ ಉತ್ತರ ಹೇಳಿಕೊಳ್ಳಿ. ಕುಕ್ಕರ್ ಸೀಟಿ ಹೊಡೆಯದಿದ್ದರೆ ಏನು ಮಾಡ್ತೀರಿ? ಒಲೆ ಆರಿಸಿ, ಆರಿದ ಮೇಲೆ ವೆಯ್ಟ್ ತೆಗೆದು ತೂತಿನಲ್ಲಿ ಅನ್ನದ ಅಗುಳು ಸಿಕ್ಕಿಕೊಂಡಿದೆಯಾ ನೋಡ್ತೀರಿ, ಗ್ಯಾಸ್ಕೆಟ್ ಸಡಿಲವಾಗಿದೆಯಾ ನೋಡ್ತೀರಿ. ಮಿಕ್ಸಿ ಗಕ್ಕನೆ ನಿಂತರೆ ಅದನ್ನು ಬೋರಲು ಹಾಕಿ ಕೆಳಗಿನ ಕೆಂಪು ಗುಂಡಿ ಒತ್ತುತ್ತೀರಿ. ಇದಕ್ಕೆಲ್ಲ ಯಾರನ್ನೂ ಕರೆಯಲ್ಲ, ಯಾರಿಗೂ ಹೇಳೋದೂ ಇಲ್ಲ. ಅದೇ ಏಸಿ ತಣ್ಣಗೆ ಮಾಡುತ್ತಿಲ್ಲ ಅಂದ ಕೂಡಲೇ ಏನಾಗುತ್ತೆ? "ರೀ, ಏಸಿ ಕೆಟ್ಟಿದೆ, ಮೆಕ್ಯಾನಿಕ್‌ಗೆ ಫೋನ್ ಮಾಡಿ." ಮೆಕ್ಯಾನಿಕ್ ಬರುತ್ತಾನೆ, ಸ್ಟೂಲ್ ಹತ್ತುತ್ತಾನೆ, "ಗ್ಯಾಸ್ ಹೋಗಿದೆ ಮೇಡಂ, ಸಾರ್‌ಗೆ ಹೇಳಿ" ಅನ್ನುತ್ತಾನೆ. ಎರಡು ಮೂರು ಸಾವಿರ ಕೈಬಿಡುತ್ತದೆ.

ನನ್ನ ತಕರಾರು ಇರುವುದು ಆ "ಸಾರ್‌ಗೆ ಹೇಳಿ" ಅನ್ನೋ ಮಾತಿನ ಮೇಲೆ. ದಿನವಿಡೀ ಮನೆಯಲ್ಲಿರುವವರು ನಾವು. ನೀರು ತೊಟ್ಟಿಕ್ಕಿದರೆ ಒರೆಸುವವರು ನಾವು, ಕರೆಂಟ್ ಬಿಲ್ ಜಾಸ್ತಿ ಬಂದರೆ ಮಾತು ಕೇಳುವವರೂ ನಾವೇ. ಆ ಯಂತ್ರದ ತಿಳಿವಳಿಕೆ ಮಾತ್ರ ಬೇರೆಯವರ ಹತ್ತಿರ ಯಾಕಿರಬೇಕು? ಅದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ. ಬೇಸಿಗೆಯಲ್ಲಿ 'ಕೆಟ್ಟುಹೋಗುವ' ಎಷ್ಟೋ ಏಸಿಗಳು ನಿಜವಾಗಿ ಕೆಟ್ಟಿರೋದೇ ಇಲ್ಲ. ಕೊಳೆಯಾಗಿರುತ್ತವೆ, ಅಷ್ಟೇ. ಕೊಳೆ ತೆಗೆಯೋದು ನಮಗೆ ಯಾರಾದರೂ ಹೇಳಿಕೊಡಬೇಕೇ?

ಫ್ರಿಜ್‌ನ ಅಕ್ಕ

ಏಸಿ ಅಂದರೆ ತಂಪು ತಯಾರಿಸುವ ಯಂತ್ರವಲ್ಲ, ಕೋಣೆಯ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಯಂತ್ರ. ನಮ್ಮ ಫ್ರಿಜ್ ಮಾಡೋದೂ ಇದನ್ನೇ. ಫ್ರಿಜ್‌ನ ಹಿಂಬದಿಯೋ ಪಕ್ಕವೋ ಬೆಚ್ಚಗಿರುತ್ತದಲ್ಲ, ಅದು ಒಳಗಿನ ಹಾಲು, ತರಕಾರಿಯಿಂದ ಎಳೆದು ಹಾಕಿದ ಬಿಸಿ. ಏಸಿಯ ಒಳಗಿನ ಪೆಟ್ಟಿಗೆ ಕೋಣೆಯ ಗಾಳಿಯನ್ನು ಮೇಲಿನಿಂದ ಎಳೆದುಕೊಂಡು, ಜಾಲರಿಯಲ್ಲಿ ಸೋಸಿ, ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ ಕೆಳಗಿನಿಂದ ಬಿಡುತ್ತದೆ. ಗಾಳಿಯ ಬಿಸಿಯನ್ನು ಕೊಳವೆಯೊಳಗಿನ ಗ್ಯಾಸ್ ಹೀರಿಕೊಂಡು ಹೊರಗಿನ ಪೆಟ್ಟಿಗೆಗೆ ಒಯ್ಯುತ್ತದೆ, ಅಲ್ಲಿನ ಫ್ಯಾನ್ ಅದನ್ನು ಬೀದಿಗೆ ಊದುತ್ತದೆ. ಕಿಟಕಿ ಏಸಿಯಲ್ಲಿ ಈ ಎರಡೂ ಪೆಟ್ಟಿಗೆ ಒಂದರಲ್ಲೇ ಇರುತ್ತವೆ.

ತಣ್ಣನೆ ಮಜ್ಜಿಗೆ ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುತ್ತದಲ್ಲವೇ? ಏಸಿಯ ತಣ್ಣನೆ ಕೊಳವೆಗಳೂ ಹಾಗೇ ಬೆವರುತ್ತವೆ. ಆ ನೀರು ಹೊರಗೆ ಹೋಗಲೆಂದೇ ಒಂದು ಸಣ್ಣ ಪೈಪ್ ಇರುತ್ತದೆ. ಅಂದಹಾಗೆ, 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಲ್ಲ. ಬ್ರೂಕ್ಲಿನ್‌ನ ಒಂದು ಅಚ್ಚುಕೂಟದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಆಚೀಚೆ ಆಗುತ್ತಿದ್ದವು, ಆ ತೇವ ತೆಗೆಯಲು! ಮಂಗಳೂರು, ಉಡುಪಿ, ಕಾರವಾರದ ಗೆಳತಿಯರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತೆ. ಅಲ್ಲಿ ಬಿಸಿಲಿಗಿಂತ ಜಿಗುಟು ಬೆವರಿನ ಕಾಟವೇ ಹೆಚ್ಚು. ಒಣ ಸೆಕೆಯ ರಾಯಚೂರು, ಕಲಬುರಗಿ ಕಡೆ ನೀರು ಹಾಕುವ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತೆ. ಕರಾವಳಿಯಲ್ಲಿ ಅದೇ ಕೂಲರ್ ಇಟ್ಟರೆ ಸೆಕೆಗೆ ಇನ್ನಷ್ಟು ತೇವ ಸೇರಿಸಿದ ಹಾಗೆ.

ಇನ್ನು ಒಂದೂವರೆ ಟನ್, ಒಂದು ಟನ್ ಅನ್ನೋದು ಪೆಟ್ಟಿಗೆಯ ತೂಕವಲ್ಲ. ಸುಮಾರು 900 ಕೆ.ಜಿ. ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿಗೆ ಒಂದು ಟನ್ ಅನ್ನುತ್ತಾರೆ. ದೊಡ್ಡ ಕೋಣೆಗೆ ಸಣ್ಣ ಏಸಿ ಹಾಕಿ "ತಣ್ಣಗಾಗಲ್ಲ" ಅಂದರೆ ತಪ್ಪು ಯಂತ್ರದ್ದಲ್ಲ. ಪಾವು ಅಕ್ಕಿಯ ಪಾತ್ರೆಯಲ್ಲಿ ಸೇರು ಅಕ್ಕಿ ಬೇಯುತ್ತದೆಯೇ?

ಹದಿನಾರರ ಮೋಹ

ರಿಮೋಟ್ ಕೈಗೆ ಬಂದ ತಕ್ಷಣ ಹೆಚ್ಚಿನವರು ಮಾಡುವ ಮೊದಲ ಕೆಲಸ 16ಕ್ಕೆ ಇಳಿಸುವುದು. ಬೇಗ ತಣ್ಣಗಾಗಲಿ ಅಂತ! ಹುಬ್ಬಳ್ಳಿಯಲ್ಲಿ ಬಸ್ ಹತ್ತಿ ಧಾರವಾಡಕ್ಕೆ ಹೋಗಬೇಕಾದವರು ಬೆಳಗಾವಿ ಟಿಕೆಟ್ ತೆಗೆದುಕೊಂಡರೆ ಬಸ್ ಧಾರವಾಡವನ್ನು ಬೇಗ ಮುಟ್ಟುತ್ತಾ? ಇಲ್ಲ ತಾನೇ. ಏಸಿಯೂ ಅಷ್ಟೇ. ಕೋಣೆ 34 ಡಿಗ್ರಿ ಇದ್ದಾಗ ನೀವು 16 ಒತ್ತಿದರೂ 24 ಒತ್ತಿದರೂ ಶುರುವಿನಲ್ಲಿ ಅದು ತನ್ನ ಪೂರ್ತಿ ಬಲ ಹಾಕಿಯೇ ಓಡುತ್ತದೆ. ವ್ಯತ್ಯಾಸ ಏನೆಂದರೆ 24ರಲ್ಲಿ ತಲುಪಿ ಸುಧಾರಿಸಿಕೊಳ್ಳುತ್ತದೆ. 16 ಇಟ್ಟರೆ ಎಂದೂ ಬಾರದ ಊರಿಗೆ ಇಡೀ ರಾತ್ರಿ ಓಡುತ್ತಲೇ ಇರುತ್ತದೆ. ನಾವು ಮೂರು ಗಂಟೆಗೆ ಎದ್ದು ರಜಾಯಿ ಹುಡುಕುತ್ತೇವೆ.

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2020ರ ಜನವರಿಯಿಂದ ನಕ್ಷತ್ರ ಚಿಹ್ನೆಯ ಏಸಿಗಳನ್ನೆಲ್ಲ 24 ಡಿಗ್ರಿಗೆ ಹೊಂದಿಸಿಯೇ ಮಾರಬೇಕೆಂದು ಕಡ್ಡಾಯ ಮಾಡಿತು. ಒಂದೊಂದು ಡಿಗ್ರಿ ಏರಿಸಿದಾಗಲೂ ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಅನ್ನೋದು ಸರ್ಕಾರದ ಲೆಕ್ಕ. 25 ಅಥವಾ 26ಕ್ಕೆ ಇಟ್ಟು, ಮೇಲಿನ ಫ್ಯಾನನ್ನು ನಿಧಾನಕ್ಕೆ ತಿರುಗಿಸಿ ನೋಡಿ. ತಂಪು ಕೋಣೆಯ ಮೂಲೆಮೂಲೆಗೂ ಹರಡುತ್ತದೆ, ಮೈಗೆ 23ರಷ್ಟೇ ಹಿತವಾಗಿರುತ್ತದೆ. ಈ ಫ್ಯಾನ್‌ನ ಉಪಾಯ ನನಗಂತೂ ಬಹಳ ಇಷ್ಟ.

ದುಡ್ಡಿನ ಲೆಕ್ಕವನ್ನೂ ಹಾಕಿಬಿಡೋಣ. ಒಂದೂವರೆ ಟನ್ ಏಸಿ ಪೂರ್ತಿ ಬಲದಲ್ಲಿ ಓಡುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತಿನ್ನುತ್ತದೆ. ಕೋಣೆ ತಣಿದ ಮೇಲೆ ಕಡಿಮೆ. ಸರಾಸರಿ ಗಂಟೆಗೆ ಒಂದೇ ಯೂನಿಟ್ ಅಂದುಕೊಂಡರೂ ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ 180 ಯೂನಿಟ್ ಆಯಿತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ನಿಯಮದಂತೆ ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಆ ತಿಂಗಳ ಬಿಲ್ ಪೂರ್ತಿ ನಮ್ಮದೇ. ಅಂದರೆ ಫ್ರಿಜ್, ಟಿ.ವಿ., ದೀಪ ಎಲ್ಲ ಸೇರಿ 195ರಲ್ಲಿ ನಿಲ್ಲುವ ಮನೆಗೂ 205ಕ್ಕೆ ಹೋಗುವ ಮನೆಗೂ ಬಿಲ್ಲಿನಲ್ಲಿ ಅಜಗಜಾಂತರ. ಏಸಿ ಇಟ್ಟುಕೊಂಡು 200ರೊಳಗೆ ಉಳಿಯುವುದು ಕಷ್ಟವೇ. ಆದರೂ ವಾರಕ್ಕೊಮ್ಮೆ ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಹಾಲಿನ ಲೆಕ್ಕ ಬರೆಯೋ ಕೈಗೆ ಇದೇನು ಭಾರವೇ?

ರಿಮೋಟಿನ ಮೇಲೆ ಮಂಜಿನ ಹೂವಿನ ಚಿತ್ರ ಇದ್ದರೆ ಅದು ಕೂಲ್, ನೀರಿನ ಹನಿ ಇದ್ದರೆ ಡ್ರೈ, ರೆಕ್ಕೆ ಇದ್ದರೆ ಬರೀ ಫ್ಯಾನ್. ಮಳೆಗಾಲದ ಜಿಗುಟಿಗೆ ಡ್ರೈ ಚೆನ್ನ, ಕಡುಬೇಸಿಗೆಗೆ ಅದು ಸಾಲದು. ಎಷ್ಟೋ ಸಲ "ಏಸಿ ಕೆಟ್ಟಿದೆ" ಅನ್ನುವ ಮನೆಯಲ್ಲಿ ಮಗು ಆಟವಾಡುತ್ತಾ ಫ್ಯಾನ್ ಮೋಡ್‌ಗೆ ಹಾಕಿಬಿಟ್ಟಿರುತ್ತೆ! ಸ್ಲೀಪ್ ಗುಂಡಿ ಒತ್ತಿದರೆ ರಾತ್ರಿ ಕಳೆದಂತೆ ಹೆಚ್ಚಿನ ಏಸಿಗಳು ತಾವೇ ಒಂದೆರಡು ಡಿಗ್ರಿ ಏರಿಸಿಕೊಳ್ಳುತ್ತವೆ. ಬೆಳಗಿನ ಜಾವ ಚಳಿಯಾಗಿ ಎದ್ದೇಳುವ ಪಾಡು ತಪ್ಪುತ್ತದೆ.

ಹೆಸರಿನ ಗೊಂದಲ ಇನ್ನೊಂದಿದೆ. ಇನ್ವರ್ಟರ್ ಏಸಿ ಅಂದರೆ ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಬ್ಯಾಟರಿಯಿಂದ ಓಡುವ ಏಸಿ ಅಂತ ನಂಬಿಕೊಂಡವರು ಬಹಳ ಜನ ಇದ್ದಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಕೋಣೆ ತಣಿದಂತೆ ಕಂಪ್ರೆಸರ್ ತನ್ನ ವೇಗ ಇಳಿಸಿಕೊಳ್ಳುತ್ತದೆ ಎಂಬುದಷ್ಟೇ ಅದರರ್ಥ. ಲೈಟು-ಫ್ಯಾನಿಗೆಂದು ಹಾಕಿಸಿದ ಬ್ಯಾಟರಿಗೆ ಏಸಿ ಜೋಡಿಸಲು ಹೋಗಬೇಡಿ.

ಜಾಲರಿ ತೊಳೆಯೋದು ಹೇಗೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಹಿಟ್ಟಿನ ಜರಡಿಯ ಕಣ್ಣು ಮುಚ್ಚಿಕೊಂಡರೆ ಹಿಟ್ಟು ಕೆಳಗೆ ಬೀಳುತ್ತಾ? ಫಿಲ್ಟರ್ ಕಟ್ಟಿಕೊಂಡ ಏಸಿಯ ಗತಿಯೂ ಅದೇ. ಗಾಳಿ ಒಳಗೆ ಹೋಗೋದೇ ಇಲ್ಲ, ಕಂಪ್ರೆಸರ್ ಸುಮ್ಮನೆ ಏದುಸಿರು ಬಿಡುತ್ತದೆ, ಕರೆಂಟ್ ಸುಡುತ್ತದೆ. ಮೆಟ್ರೊ ಕೆಲಸ, ರಸ್ತೆ ಅಗೆತ, ಪಕ್ಕದ ಸೈಟಿನ ಕಟ್ಟಡ ಅಂತ ನಮ್ಮ ಊರುಗಳಲ್ಲಿ ಧೂಳಿಗೇನು ಬರ! ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಲೇಬೇಕು.

ಮೊದಲು ರಿಮೋಟಿನಿಂದ ಆರಿಸಿ, ಆಮೇಲೆ ಗೋಡೆಯ ಸ್ವಿಚ್ಚನ್ನೂ ಆಫ್ ಮಾಡಿ. ಅಲುಗಾಡದ ಮೆಟ್ಟಿಲೇಣಿ ಅಥವಾ ಗಟ್ಟಿ ಸ್ಟೂಲ್ ಹಾಕಿಕೊಂಡು, ಯಾರಾದರೂ ಹಿಡಿದುಕೊಂಡಿರಲಿ. ಮಂಚದ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಹತ್ತುವ ಸಾಹಸ ಬೇಡವೇ ಬೇಡ. ಸ್ಪ್ಲಿಟ್ ಏಸಿಯ ಮುಂದಿನ ಮುಚ್ಚಳದ ಎರಡೂ ಬದಿ ಹಿಡಿದು ಮೇಲಕ್ಕೆತ್ತಿದರೆ ತೆರೆದು ನಿಲ್ಲುತ್ತದೆ. ಒಳಗೆ ಸೊಳ್ಳೆ ಪರದೆಯಂಥ ಎರಡು ಜಾಲರಿ ಕಾಣುತ್ತವೆ. ಸ್ವಲ್ಪ ಮೇಲೆತ್ತಿ ಕೆಳಕ್ಕೆ ಎಳೆದರೆ ಕೈಗೆ ಬರುತ್ತವೆ. ಕೆಲವು ಮಾದರಿಗಳಲ್ಲಿ ಜಾಲರಿ ಮೇಲಿನಿಂದ ಹೊರಬರುತ್ತದೆ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಇರುತ್ತೆ, ಒಮ್ಮೆ ನೋಡಿಕೊಳ್ಳಿ. ಧೂಳು ಕೂತ ಮುಖವನ್ನು ಕೆಳಗೆ ಮಾಡಿ ಹಿಂಬದಿಯಿಂದ ನಲ್ಲಿ ನೀರು ಬಿಡಿ. ಮುಂದಿನಿಂದ ಬಿಟ್ಟರೆ ಧೂಳು ಕಣ್ಣುಗಳೊಳಗೆ ಇನ್ನಷ್ಟು ಸೇರಿಕೊಳ್ಳುತ್ತೆ. ಜಿಡ್ಡಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್‌ನ ಎರಡು ಹನಿ, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಬಿಸಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಬಿಸಿಲಿಗೂ ಇಡಬೇಡಿ, ನೆರಳಲ್ಲೇ ಒಣಗಲಿ. ಒದ್ದೆಯಾಗಿಯೇ ಸಿಕ್ಕಿಸಿದಿರೋ, ನಾಲ್ಕು ದಿನಕ್ಕೆ ಕೋಣೆ ತುಂಬಾ ಮುಗ್ಗಲು ವಾಸನೆ. ಮತ್ತೆ, ಜಾಲರಿ ಒಣಗುವ ತನಕ "ಒಂದರ್ಧ ಗಂಟೆ ಹಾಗೇ ಓಡಲಿ" ಅಂತ ಏಸಿ ಹಾಕಬೇಡಿ. ಧೂಳೆಲ್ಲ ನೇರ ಕೊಳವೆಗಳ ಮೇಲೆ ಕೂರುತ್ತದೆ. ಅದನ್ನು ತೆಗೆಯೋದು ನಮ್ಮ ಕೈಯಲ್ಲಾಗದ ಕೆಲಸ.

ಇದ್ದಿಲು ಅಥವಾ ಪಿ.ಎಂ. 2.5 ಅಂತ ಬರೆದ ಸಣ್ಣ ಫಿಲ್ಟರ್‌ಗಳಿದ್ದರೆ ಅವನ್ನು ತೊಳೆಯಬಹುದೋ ಬಾರದೋ ಅಂತ ಪುಸ್ತಕ ನೋಡಿಯೇ ಮುಟ್ಟಿ.

ಫೋನ್ ಮಾಡುವ ಮುಂಚೆ

ಏಸಿ ಆನ್ ಆಗುತ್ತಲೇ ಇಲ್ಲವೇ? ಎಂ.ಸಿ.ಬಿ. ಕೆಳಗೆ ಬಿದ್ದಿದೆಯಾ, ಸ್ಟೆಬಿಲೈಸರ್‌ನಲ್ಲಿ ದೀಪ ಇದೆಯಾ ನೋಡಿ. ಕರೆಂಟ್ ಹೋಗಿ ಬಂದಿದ್ದರೆ ಮೂರ್ನಾಲ್ಕು ನಿಮಿಷ ಕಾಯಿರಿ. ಕಂಪ್ರೆಸರ್ ತನ್ನ ರಕ್ಷಣೆಗೆಂದು ಅಷ್ಟು ಹೊತ್ತು ಬೇಕಂತಲೇ ಸುಮ್ಮನಿರುತ್ತದೆ. ಆ ಹೊತ್ತಲ್ಲಿ ಆನ್-ಆಫ್ ಆನ್-ಆಫ್ ಅಂತ ಒತ್ತಿದರೆ ಅದಕ್ಕೇ ಏಟು. ರಿಮೋಟ್ ಮೇಲೆ ಅನುಮಾನವಿದ್ದರೆ ಮೊಬೈಲಿನ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಗುಂಡಿ ಒತ್ತಿ. ಕಣ್ಣಿಗೆ ಕಾಣದ ಬೆಳಕು ಪರದೆ ಮೇಲೆ ಮಿನುಗುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಎರಡರಲ್ಲೂ ಇಲ್ಲವೆಂದರೆ ಮೊದಲು ಸೆಲ್ ಬದಲಿಸಿ. ರಿಮೋಟ್ ಕಳೆದೇ ಹೋಗಿದ್ದರೂ ಗಾಬರಿ ಬೇಡ. ಹೆಚ್ಚಿನ ಸ್ಪ್ಲಿಟ್ ಏಸಿಗಳ ಮುಚ್ಚಳದಡಿ ಒಂದು ಪುಟ್ಟ ಗುಂಡಿ ಇರುತ್ತೆ, ಒತ್ತಿದರೆ ಯಂತ್ರ ತನ್ನಷ್ಟಕ್ಕೆ ಓಡುತ್ತದೆ.

ತಂಪು ಸಾಲುತ್ತಿಲ್ಲವೇ? ಫಿಲ್ಟರ್, ಮೋಡ್, ಡಿಗ್ರಿ ನೋಡಿದ ಮೇಲೆ ಹೊರಗಿನ ಪೆಟ್ಟಿಗೆಯತ್ತ ಒಮ್ಮೆ ಕಣ್ಣು ಹಾಯಿಸಿ. ಬಿಸಿ ಹೊರಗೆ ಹೋಗಲು ಅದಕ್ಕೆ ಉಸಿರಾಡೋಕೆ ಜಾಗ ಬೇಕು. ಅದರ ಮುಂದೆ ಒಗೆದ ಬೆಡ್‌ಶೀಟ್ ಹರವುವುದು, ಹಳೆ ಪೇಪರ್ ಒಟ್ಟುವುದು ಮಾಡಿದರೆ ಪಾಪ ಅದೇನು ಮಾಡೀತು? ಅಪಾರ್ಟ್‌ಮೆಂಟುಗಳಲ್ಲಿ ಪಾರಿವಾಳಗಳಿಗೂ ಅದೇ ಬಾಣಂತಿ ಕೋಣೆ. ಪಡುವಣ ಕಿಟಕಿಗೆ ಮಧ್ಯಾಹ್ನವೇ ದಪ್ಪ ಪರದೆ ಎಳೆಯಿರಿ. ಅಡುಗೆಮನೆಯ ಬಾಗಿಲು ಎದುರಿಗೇ ಇದ್ದರೆ ಕೋಣೆ ಬಾಗಿಲು ಮುಚ್ಚಿರಲಿ.

ಒಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಹೊರಗಿನ ಸಣ್ಣ ಪೈಪಿನ ತುದಿ ನೋಡಿ. ಅಲ್ಲಿ ಹನಿ ಬೀಳುತ್ತಿಲ್ಲ ಅಂದರೆ ದಾರಿ ಕಟ್ಟಿದೆ ಅಂತ ಲೆಕ್ಕ. ಪಾಚಿ, ಧೂಳು, ಕೆಲವೊಮ್ಮೆ ಕಣಜ ಕಟ್ಟಿದ ಮಣ್ಣಿನ ಗೂಡು. ತುದಿ ಕೈಗೆಟುಕುವಂತಿದ್ದರೆ ಸ್ವಚ್ಛ ಮಾಡಿ, ಅದು ಬಕೆಟ್ ನೀರಿನಲ್ಲಿ ಮುಳುಗದಂತೆ ಇಡಿ. ಆ ನೀರನ್ನು ನೆಲ ಒರೆಸಲು, ಹೂಗಿಡಕ್ಕೆ ಬಳಸಿ. ಡಿಸ್ಟಿಲ್ಡ್ ವಾಟರ್ ಇದ್ದ ಹಾಗೆ ಅಂತ ಯುಪಿಎಸ್ ಬ್ಯಾಟರಿಗೆ ಸುರಿಯುವವರಿದ್ದಾರೆ. ಕೊಳವೆಯ ಮೇಲಿನ ಧೂಳೆಲ್ಲ ತೊಳೆದುಕೊಂಡು ಬಂದ ನೀರು ಅದು, ಬೇಡ.

ಕೊಳವೆ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಚಾಕು ಹಿಡಿದು ಕೆರೆಯಬೇಡಿ. ಕೂಲ್ ನಿಲ್ಲಿಸಿ ಫ್ಯಾನ್ ಮೋಡ್‌ನಲ್ಲಿ ಬಿಟ್ಟರೆ ತಾನೇ ಕರಗುತ್ತೆ. ಫಿಲ್ಟರ್ ತೊಳೆದ ಮೇಲೂ ಮತ್ತೆ ಕಟ್ಟಿತೆಂದರೆ ಆಗ ಕರೆಯಿರಿ ಮೆಕ್ಯಾನಿಕ್ಕನ್ನು. ಮುಗ್ಗಲು ವಾಸನೆಗೆ ಏಸಿ ಆರಿಸುವ ಮುನ್ನ ಹದಿನೈದು ಇಪ್ಪತ್ತು ನಿಮಿಷ ಬರೀ ಫ್ಯಾನ್ ಓಡಿಸುವ ಅಭ್ಯಾಸ ಒಳ್ಳೆಯದು. ಪ್ಲಾಸ್ಟಿಕ್ ಹಿಗ್ಗಿ ಕುಗ್ಗುವ ಟಿಕ್ ಟಿಕ್ ಸದ್ದಿಗೆ, ಗ್ಯಾಸ್ ಹರಿಯುವ ಬುಸ್ ಸದ್ದಿಗೆ ಹೆದರಬೇಕಿಲ್ಲ. ಪರದೆ ಮೇಲೆ ಅಕ್ಷರ-ಅಂಕಿ ಮಿನುಗುತ್ತಿದ್ದರೆ ಬರೆದಿಟ್ಟುಕೊಳ್ಳಿ. ಯಾವ ಭಾಗದ ತೊಂದರೆ ಎಂದು ಪುಸ್ತಕದಲ್ಲೇ ಇರುತ್ತೆ. ಅದನ್ನು ಫೋನಿನಲ್ಲೇ ಹೇಳಿದರೆ ಬರುವವರೂ ಹುಷಾರಾಗಿ ಮಾತಾಡುತ್ತಾರೆ.

ಗ್ಯಾಸ್ ಅನ್ನೋ ಗುಮ್ಮ

ನಮ್ಮ ಓಣಿಯ ಒಂದು ಮನೆಯಲ್ಲಿ ಸತತ ಮೂರು ಬೇಸಿಗೆ ಗ್ಯಾಸ್ ತುಂಬಿಸಿದರು. ಪ್ರತಿ ಸಲವೂ "ಗ್ಯಾಸ್ ಖಾಲಿ ಆಗಿದೆ ಮೇಡಂ." ನಾನು ಆ ಅಕ್ಕನಿಗೆ ಕೇಳಿದ್ದು ಒಂದೇ ಮಾತು. ನಿಮ್ಮ ಫ್ರಿಜ್‌ಗೆ ವರ್ಷಾವರ್ಷ ಗ್ಯಾಸ್ ತುಂಬಿಸ್ತೀರಾ?

ಏಸಿಯ ಗ್ಯಾಸ್ ಅಡುಗೆ ಸಿಲಿಂಡರ್‌ನಂತೆ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತೆ, ವರ್ಷಗಟ್ಟಲೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಸೋರುವ ಬಿಂದಿಗೆಗೆ ಬೆಸುಗೆ ಹಾಕದೆ ನೀರು ತುಂಬುತ್ತಾ ಹೋದರೆ ಏನು ಪ್ರಯೋಜನ? ಆದ್ದರಿಂದ "ಗ್ಯಾಸ್ ತುಂಬಬೇಕು" ಎಂದ ಕೂಡಲೇ "ಎಲ್ಲಿ ಸೋರಿದೆ ತೋರಿಸಿ" ಅಂತ ಕೇಳಿ. ಕೊಳವೆಯ ಕೀಲುಗಳ ಹತ್ತಿರ ಎಣ್ಣೆ ಜಿಡ್ಡು ಕಾಣಬಹುದು, ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳಬಹುದು. ಅಡುಗೆ ಸಿಲಿಂಡರ್‌ಗೆ ನಾವೇ ಮಾಡುವ ಪರೀಕ್ಷೆ ಇದು, ಅರ್ಥವಾಗದೇ ಇರೋದೇನಿದೆ? ಸೋರಿಕೆ ಮುಚ್ಚಿ, ನೈಟ್ರೋಜನ್ ಒತ್ತಡ ಹಾಕಿ ಪರೀಕ್ಷಿಸಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ-ತೇವ ಎಲ್ಲ ಎಳೆದು, ಆಮೇಲೆ ತೂಕ ಮಾಡಿ ತುಂಬಬೇಕು. ಇದು ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಅಲ್ಲವೇ ಅಲ್ಲ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಯಂತ್ರಕ್ಕೆ ಅಂಟಿಸಿದ ಚೀಟಿಯಲ್ಲೇ ಅಚ್ಚಾಗಿರುತ್ತೆ. ಹಳೆಯ ಏಸಿಗಳಲ್ಲಿ ಆರ್-22, ಆಮೇಲಿನವುಗಳಲ್ಲಿ ಆರ್-410ಎ, ಆರ್-32, ಕೆಲವದರಲ್ಲಿ ಆರ್-290. ಒಂದರ ಜಾಗದಲ್ಲಿ ಇನ್ನೊಂದನ್ನು ತುಂಬುವಂತಿಲ್ಲ. ಆರ್-32ಕ್ಕೆ ಬೆಂಕಿ ಹತ್ತುವ ಗುಣ ಸ್ವಲ್ಪ ಇದೆ. ಆರ್-290 ಅಂದರೆ ಪ್ರೊಪೇನ್, ಚೆನ್ನಾಗಿಯೇ ಉರಿಯುತ್ತದೆ. ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ, ದೇವರ ದೀಪ, ಊದುಬತ್ತಿ, ಸಿಗರೇಟು ಹತ್ತಿರ ಸುಳಿಯದಿರಲಿ, ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ.

ಬರುವವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಸುಡುಬಿಸಿಲಲ್ಲಿ ಟೆರೇಸ್ ಹತ್ತಿ ನಿಯತ್ತಾಗಿ ದುಡಿಯುವವರು ಎಷ್ಟೋ ಜನ. ಕೇಳುವವರಿದ್ದಾರೆ ಅಂತ ಗೊತ್ತಾದರೆ ಕೆಲಸ ತಾನಾಗಿ ಚೊಕ್ಕವಾಗುತ್ತೆ, ಅಷ್ಟೇ. ಯಾವ ಭಾಗ ಬದಲಿಸಿದರೂ ಹಳೆಯದನ್ನು ಕೇಳಿ ಇಸಿದುಕೊಳ್ಳಿ. ವಾರ್ಷಿಕ ಒಪ್ಪಂದ ಮಾಡಿಸುವುದಾದರೆ ಅದರಲ್ಲಿ ಗ್ಯಾಸ್, ಪಿ.ಸಿ.ಬಿ., ಕಂಪ್ರೆಸರ್ ಸೇರಿದೆಯಾ ಅಂತ ಓದಿಯೇ ಸಹಿ ಹಾಕಿ. ಬರೀ ತೊಳೆದು ಹೋಗೋ ಒಪ್ಪಂದಕ್ಕೂ ಎಲ್ಲ ಸೇರಿದ ಒಪ್ಪಂದಕ್ಕೂ ಬಹಳ ಫರಕು. ಪೂರ್ತಿ ಸರ್ವಿಸ್ ವರ್ಷಕ್ಕೊಮ್ಮೆ ಬೇಕೇ ಬೇಕು, ಅದನ್ನು ಫೆಬ್ರುವರಿಯಲ್ಲೇ ಮಾಡಿಸಿಬಿಡಿ. ಏಪ್ರಿಲ್‌ನಲ್ಲಿ ಕರೆದರೆ "ನಾಳೆ ಬರ್ತೀನಿ ಮೇಡಂ" ಅನ್ನೋ ನಾಳೆ ಬರೋದೇ ಇಲ್ಲ.

ಇಲ್ಲಿಗೆ ಸಾಕು ಅನ್ನೋ ಗೆರೆ

ನಾವೇ ಮಾಡಬಹುದಾದ ಕೆಲಸಕ್ಕೂ ಒಂದು ಗೆರೆ ಇದೆ. ಸುಟ್ಟ ವಾಸನೆ ಬಂದರೆ, ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾದರೆ, ಕಿಡಿ ಕಂಡರೆ ಒಂದು ಕ್ಷಣವೂ ಯೋಚಿಸಬೇಡಿ. ಎಂ.ಸಿ.ಬಿ. ಇಳಿಸಿ, ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಮತ್ತೆ ಹಾಕಬೇಡಿ. ಎಂ.ಸಿ.ಬಿ. ಪದೇಪದೇ ಬೀಳುತ್ತಿದ್ದರೆ "ದೊಡ್ಡದು ಹಾಕಿಸಿಬಿಡೋಣ" ಅನ್ನುವ ಸಲಹೆಗೆ ಒಪ್ಪಲೇಬೇಡಿ. ಬೀಳುತ್ತಿರುವುದು ನಿಮ್ಮ ಮನೆ ಉಳಿಸಲು. ಏಸಿಗೆ ತನ್ನದೇ ಆದ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಇರಬೇಕು. ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸುವ ಯಂತ್ರ ಅಲ್ಲ ಅದು. ಹೊರಗಿನ ಪೆಟ್ಟಿಗೆ ಗುಂಯ್ ಅನ್ನುತ್ತಾ ಅದರ ಫ್ಯಾನ್ ತಿರುಗದಿದ್ದರೆ ಕೋಲು ಹಾಕಿ ತಿರುಗಿಸಲು ಹೋಗಬೇಡಿ. ಒಳಗಿನ ಕೆಪಾಸಿಟರ್ ಎಂಬ ಸಣ್ಣ ಡಬ್ಬಿ ಹೋಗಿರಬಹುದು. ಅದರಲ್ಲಿ ಸ್ವಿಚ್ ಆಫ್ ಮಾಡಿದ ಮೇಲೂ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಮೂರನೇ ಮಹಡಿಯ ಸಜ್ಜೆಯ ಮೇಲಿನ ಪೆಟ್ಟಿಗೆ ಒರೆಸಲು ಬಾಲ್ಕನಿಯಿಂದ ಬಗ್ಗಬೇಡಿ. ಪಾರಿವಾಳದ ಗೂಡು ಇನ್ನೊಂದು ವಾರ ಇದ್ದರೆ ಇರಲಿ.

ಸ್ಪ್ಲಿಟ್ ಏಸಿ ಹೊರಗಿನಿಂದ ಹೊಸ ಗಾಳಿ ತರುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅದು ಇದ್ದ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಣಿಸುತ್ತೆ. ಹಾಗಾಗಿ ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿ ಏಸಿ ಹಾಕಿದರೆ ಮನೆಮಂದಿಯೆಲ್ಲ ರಾತ್ರಿಯಿಡೀ ಅದೇ ಹೊಗೆ ಕುಡಿಯುತ್ತಾರೆ. ಎಳೆ ಮಗುವಿಗೆ ಎಣ್ಣೆ-ನೀರು ಆದಮೇಲೆ ಹಾಕುವ ಸಾಂಬ್ರಾಣಿ ಹೊಗೆಯೂ ಅಷ್ಟೇ. ಕೆಂಡದ ಪಾತ್ರೆಯನ್ನಂತೂ ಮುಚ್ಚಿದ ಕೋಣೆಗೆ ತರಲೇಬಾರದು, ಅದರ ವಿಷಗಾಳಿಗೆ ವಾಸನೆಯೂ ಇರಲ್ಲ. ಬೆಳಗ್ಗೆ ಎದ್ದ ಕೂಡಲೇ ಕಿಟಕಿ ತೆರೆದು ಅರ್ಧ ಗಂಟೆ ಗಾಳಿಯಾಡಲಿ.

ಇನ್ನೊಂದು ಮಾತು, ಇದು ಯಂತ್ರದ್ದಲ್ಲ. ಎಷ್ಟೋ ಮನೆಗಳಲ್ಲಿ ಏಸಿ ಶುರುವಾಗುವುದು ಯಜಮಾನರು ಆಫೀಸಿನಿಂದ ಬಂದ ಮೇಲೆ, ಇಲ್ಲವೇ ನೆಂಟರು ಬಂದಾಗ. ಮಧ್ಯಾಹ್ನ ಎರಡು ಗಂಟೆಯ ಉರಿಯಲ್ಲಿ ಹಾಲ್‌ನಲ್ಲಿ ಬೀಸಣಿಗೆ ಹಿಡಿದು ಕೂರುವುದು ಅತ್ತೆ-ಮಾವ, ಒಲೆ ಮುಂದೆ ಬೇಯುವುದು ನಾವು. "ಒಬ್ಬಳಿಗೋಸ್ಕರ ಯಾಕೆ ಹಾಕೋದು, ಬಿಲ್ ಬರುತ್ತೆ" ಅಂತ ನಾವೇ ಅಂದುಕೊಳ್ಳುತ್ತೇವೆ. ವಯಸ್ಸಾದವರ ಮೈ ಸೆಕೆಯನ್ನು ನಮ್ಮಷ್ಟು ತಾಳಲ್ಲ, ಬಾಯಾರಿಕೆಯೂ ಅವರಿಗೆ ಬೇಗ ಗೊತ್ತಾಗಲ್ಲ. ನೆತ್ತಿ ಸುಡುವ ದಿನಗಳಲ್ಲಿ ಊಟವಾದ ಮೇಲೆ ಎರಡು ಗಂಟೆ 26ಕ್ಕೆ ಇಟ್ಟು ಅವರನ್ನೂ ಕೋಣೆಗೆ ಕರೆದು ಮಲಗಿಸಿ, ನೀವೂ ಪಕ್ಕದಲ್ಲಿ ಒರಗಿ. ರಾತ್ರಿ 16ರ ಬದಲು 26 ಇಟ್ಟು ಉಳಿಸಿದ್ದರಲ್ಲಿ ಇಷ್ಟು ಬಳಸಿದರೆ ಮನೆ ಮುಳುಗಿ ಹೋಗಲ್ಲ. ಗಾಳಿ ನೇರ ಅವರ ಮುಖಕ್ಕೋ ಮಗುವಿನ ತಲೆಗೋ ಹೊಡೆಯದಂತೆ ರೆಕ್ಕೆಯನ್ನು ಮೇಲಕ್ಕೆ ತಿರುಗಿಸಿ.

ಮಳೆ ಹಿಡಿದು ಏಸಿಗೆ ರಜೆ ಕೊಡುವಾಗ ಒಂದು ಒಣ ದಿನ ನೋಡಿ ಅರ್ಧ ದಿನ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ. ಒಳಗಿನ ತೇವ ಆರಿಹೋಗಲಿ. ಫಿಲ್ಟರ್ ತೊಳೆದು ಒಣಗಿಸಿ ಸಿಕ್ಕಿಸಿ, ಎಂ.ಸಿ.ಬಿ. ಇಳಿಸಿ. ರಿಮೋಟಿನ ಸೆಲ್ಲುಗಳನ್ನು ತೆಗೆದಿಡಲು ಮರೆಯಬೇಡಿ, ಸೋರಿ ತುಕ್ಕು ಹಿಡಿದರೆ ಮುಂದಿನ ಶಿವರಾತ್ರಿಗೆ ಹೊಸ ರಿಮೋಟ್ ಹುಡುಕಿಕೊಂಡು ಅಲೆಯಬೇಕಾಗುತ್ತೆ.